ನೇಪಲ್ಸ್‌ನದ್ದೋ ಪಿಯಾಚೆಂಜಾದ್ದೋ: ಇಟಲಿಯ ಇಸ್ಪೀಟು ಕಟ್ಟು ಕೊಳ್ಳುವ ಮುನ್ನ

ಇಟಲಿಯ ಇಸ್ಪೀಟು ಕಟ್ಟೊಂದು ಬೇಕೆಂದು ಹುಡುಕಲು ಕೂತವರು ಹತ್ತೇ ನಿಮಿಷದಲ್ಲಿ ತಬ್ಬಿಬ್ಬಾಗುತ್ತಾರೆ. ನಾಪೊಲೆತಾನೆ, ಪಿಯಾಚೆಂತೀನೆ, ಸಿಚಿಲಿಯಾನೆ, ತ್ರೆವಿಜಾನೆ, ಬೆರ್ಗಮಾಸ್ಕೆ, ಬ್ರೆಶಾನೆ, ಸಾರ್ದೆ, ರೊಮಾನ್ಯೋಲೆ, ಮಿಲನೇಸಿ ಎಂದು ಪಟ್ಟಿ ಮುಗಿಯುವುದೇ ಇಲ್ಲ, ಹದಿನೈದಕ್ಕೂ ಹೆಚ್ಚು ಬಗೆ. ಎಲ್ಲವೂ ಊರು, ಪ್ರಾಂತಗಳ ಹೆಸರು. ಮಾರುವವರನ್ನು ಕೇಳಿದರೆ "ಎಲ್ಲದರಲ್ಲೂ ಅದೇ ಆಟ ಆಡಬಹುದು" ಎನ್ನುತ್ತಾರೆ. ಮಾತು ನಿಜ, ಆದರೆ ಅದರಿಂದ ಕೊಳ್ಳುವವನಿಗೆ ಏನೂ ಇತ್ಯರ್ಥವಾಗುವುದಿಲ್ಲ.

ನಾನು ಮೊದಲ ಸಲ ಆರಿಸಿದ್ದು ಚಿತ್ರ ನೋಡಿ. ತ್ರೆವೀಜೊ ಊರಿನ ಕಟ್ಟು. ಉದ್ದನೆಯ ಎಲೆಗಳು, ಬಾಗಿದ ಕತ್ತಿಗಳು, ಎಕ್ಕಗಳ ಮೇಲೆ ಹಳೆಯ ಇಟಾಲಿಯನ್‌ನಲ್ಲಿ ಬರೆದ ನಾಣ್ಣುಡಿಗಳು. ಮನೆಗೆ ತಂದು ತಮ್ಮನ ಜೊತೆ ಆಡಲು ಕೂತರೆ ಮೂರನೇ ಕೈಯಲ್ಲೇ ಜಗಳ. ಅವನು ದೊಣ್ಣೆ ಅಂದುಕೊಂಡು ಇಳಿಸಿದ್ದು ಕತ್ತಿಯ ಎಲೆ. "ಇದು ಕತ್ತಿ ಅಂತ ಯಾರಿಗೋ ಗೊತ್ತಾಗತ್ತೆ?" ಎಂದು ಎಲೆ ಎಸೆದು ಎದ್ದ. ಅವನ ತಪ್ಪೇನೂ ಇರಲಿಲ್ಲ. ಆ ಮೇಲೆ ನಾಲ್ಕೈದು ಕಟ್ಟು ಕೈದಾಟಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಈ ಕಟ್ಟುಗಳ ನಡುವಿನ ವ್ಯತ್ಯಾಸ ಆಟದ ನಿಯಮದಲ್ಲಿಲ್ಲ, ನಿಮ್ಮ ಕಣ್ಣು ಎಲೆಯನ್ನು ಎಷ್ಟು ಬೇಗ ಓದುತ್ತದೆ ಎಂಬುದರಲ್ಲಿದೆ. ಆರಿಸುವುದಿದ್ದರೆ ಅದನ್ನು ನೋಡಿ ಆರಿಸಬೇಕು.

ಅವಸರ ಇದ್ದವರಿಗೆ ನನ್ನ ತೀರ್ಪು ಇಲ್ಲೇ ಹೇಳಿಬಿಡುತ್ತೇನೆ. ಹೊಸದಾಗಿ ಕಲಿಯುವವರು ನೇಪಲ್ಸ್‌ನ ಕಟ್ಟು ತೆಗೆದುಕೊಳ್ಳಿ. ವಾರಕ್ಕೆ ಎರಡು ಸಲ ಪಟ್ಟಾಗಿ ಆಡುವ ಜೊತೆಗಾರರಿದ್ದರೆ ಪಿಯಾಚೆಂಜಾದ್ದು. ತ್ರೆವೀಜೊದ್ದು ಎರಡನೆಯ ಕಟ್ಟಾಗಿ ಇರಲಿ. ಇಟಲಿಯ ಗೆಳೆಯರೋ ಸಹೋದ್ಯೋಗಿಗಳೋ ಜೊತೆಗಿದ್ದರೆ ಮಾತ್ರ ಇದೆಲ್ಲ ಬಿಟ್ಟು ಅವರ ಊರಿನ ಕಟ್ಟನ್ನೇ ತನ್ನಿ, ವಾದ ಬೇಡ.

ಎಲ್ಲದರಲ್ಲೂ ಇರುವುದು

ಸಾಮಾನ್ಯ ಇಟಾಲಿಯನ್ ಕಟ್ಟಿನಲ್ಲಿ 40 ಎಲೆ. ನಾಲ್ಕು ಜಾತಿ: ನಾಣ್ಯ, ಬಟ್ಟಲು, ಕತ್ತಿ, ದೊಣ್ಣೆ. ಇಟಾಲಿಯನ್‌ನಲ್ಲಿ ದೆನಾರಿ, ಕೊಪ್ಪೆ, ಸ್ಪಾದೆ, ಬಸ್ತೋನಿ. ನಾವು ಇಸ್ಪೀಟು ಎನ್ನುವ ಕರಿಯ ಜಾತಿಯನ್ನು ಇಂಗ್ಲಿಷಿನವರು ಸ್ಪೇಡ್ ಎನ್ನುವುದು ಗುದ್ದಲಿಯ ಅರ್ಥದಲ್ಲಲ್ಲ. ಅದು ಈ ಕತ್ತಿಯ ಹೆಸರಿನಿಂದಲೇ ಬಂದದ್ದು. ಪ್ರತಿ ಜಾತಿಯಲ್ಲಿ ಎಕ್ಕದಿಂದ ಏಳರವರೆಗೆ ಅಂಕಿಯ ಎಲೆಗಳು, ಆ ಮೇಲೆ ಮೂರು ಚಿತ್ರದೆಲೆ: ಕಾಲಾಳು, ಕುದುರೆ ಸವಾರ, ರಾಜ. ಎಂಟು, ಒಂಬತ್ತು, ಹತ್ತು ಇಲ್ಲ. ಎಣಿಸುವ ಆಟದಲ್ಲಿ ಕಾಲಾಳಿಗೆ 8, ಸವಾರನಿಗೆ 9, ರಾಜನಿಗೆ 10 ಬೆಲೆ.

ರಾಣಿ ಎಲ್ಲಿ ಎಂದು ನಮ್ಮವರು ಮೊದಲು ಕೇಳುವುದು ಸಹಜ. ಈ ನಾಲ್ಕು ಜಾತಿಗಳು ಯೂರೋಪಿಗೆ ಬಂದದ್ದು ಆಗ ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರಿಂದ. ಇಸ್ತಾಂಬುಲಿನ ತೋಪ್‌ಕಪಿ ಅರಮನೆಯಲ್ಲಿ ಅಂಥದೊಂದು ಕಟ್ಟು ಉಳಿದಿದೆ. ಅದರ ಚಿತ್ರದೆಲೆಗಳು ದೊರೆ, ದೊರೆಯ ನಾಯಬ (ಅಂದರೆ ಉಪಾಧಿಕಾರಿ), ಎರಡನೆಯ ನಾಯಬ. 1377ರಲ್ಲಿ ಫ್ಲಾರೆನ್ಸ್ ನಗರ ಹೊಸ ಆಟವೊಂದಕ್ಕೆ ಕಡಿವಾಣ ಹಾಕಿದಾಗ ಅದರ ಹೆಸರನ್ನು 'ನಾಯಿಬ್ಬೆ' ಎಂದು ಬರೆದುಕೊಂಡಿತು. ನಾಯಬ್ ತಹಸೀಲ್ದಾರನ ನಾಯಬನೂ, ಅದೇ ಅರಬ್ಬೀ ಮಾತಿನ ಬಹುವಚನದಿಂದ ಹುಟ್ಟಿದ ನವಾಬನೂ ಈ ಎಲೆಗಳ ನೆಂಟರು. ದೊಣ್ಣೆಯ ಜಾತಿ ಮಾಮ್ಲೂಕರಲ್ಲಿ ಪೋಲೋ ಆಟದ ಕೋಲಾಗಿತ್ತು. ಪೋಲೋ ಕಾಣದ ಯೂರೋಪಿನವರ ಕೈಯಲ್ಲಿ ಅದು ಬರೀ ಬಡಿಗೆಯಾಯಿತು. ನಮ್ಮ ಹಳೆಯ ಎಲೆಯಾಟವಾದ ಗಂಜೀಫಾದಲ್ಲೂ ರಾಣಿ ಇಲ್ಲ, ರಾಜ ಮತ್ತು ಮಂತ್ರಿ, ಮಂತ್ರಿ ಬಹಳ ಸಲ ಕುದುರೆಯ ಮೇಲೆ. ದಶಾವತಾರ ಗಂಜೀಫಾದಲ್ಲಿ ಹತ್ತು ಜಾತಿ, ಜಾತಿಗೆ 12 ಎಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗಂಜೀಫಾ ಎಲೆಗಳನ್ನು ನೋಡಿದವರಿಗೆ ಇಟಲಿಯ ಸವಾರ ಪರಕೀಯ ಅನ್ನಿಸುವುದಿಲ್ಲ.

ಊರಿಗೊಂದು ಏಕೆ

ಇಟಲಿ ಒಂದು ದೇಶವಾದದ್ದು 1861ರಲ್ಲಿ. ಅದಕ್ಕೆ ಮುಂಚೆ ಅದು ಹಲವು ರಾಜ್ಯ, ಹಲವು ಒಡೆಯರು, ಹಲವು ಸುಂಕದ ಕಟ್ಟೆ. ಕಾರ್ಡು ಅಚ್ಚು ಹಾಕುವವನು ತನ್ನ ಗಡಿಯೊಳಗೆ ಮಾರುತ್ತಿದ್ದ, ಕೊಳ್ಳುವವನು ತನ್ನಪ್ಪ ಆಡಿದ ಎಲೆಯನ್ನೇ ಕೇಳುತ್ತಿದ್ದ. ಹೀಗಾಗಿ ಇಂದಿನ ಕಾರ್ಡಿನ ನಕ್ಷೆ ಹಿಂದಿನ ರಾಜ್ಯಗಳ ನಕ್ಷೆ ಇದ್ದ ಹಾಗೆಯೇ ಇದೆ. ಸ್ಪೇನಿನವರು ಆಳಿದ ನೇಪಲ್ಸ್ ಮತ್ತು ಸಿಸಿಲಿಯಲ್ಲಿ ಸ್ಪೇನಿನ ರೀತಿಯ ನೇರ ಕತ್ತಿ, ಗಂಟುಗಂಟಾದ ದೊಣ್ಣೆ. ವೆನಿಸ್‌ನ ಪ್ರಭಾವವಿದ್ದ ಈಶಾನ್ಯದಲ್ಲಿ ಬಾಗಿದ ಕತ್ತಿ. ಬೆರ್ಗಾಮೊದಲ್ಲೂ ಹಾಗೆಯೇ, ಆ ಊರು 1428ರಿಂದ 1797ರವರೆಗೆ ವೆನಿಸ್‌ನ ಕೈಯಲ್ಲೇ ಇತ್ತು. ಫ್ರಾನ್ಸ್‌ಗೆ ಹತ್ತಿರದ ಪೀಡ್ಮಾಂಟ್, ಜಿನೋವಾ, ಮಿಲಾನ್ ಮತ್ತು ಟಸ್ಕನಿಯಲ್ಲಿ ನಮ್ಮ ಮನೆಗಳಲ್ಲಿರುವ ಆಟೀನು, ಡೈಮಂಡು, ಕಳಾವರ, ಇಸ್ಪೀಟುಗಳೇ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಸೇರಿದ ದಕ್ಷಿಣ ಟಿರೋಲಿನಲ್ಲಿ ಜರ್ಮನ್ ರೀತಿಯ ಜಾತಿಗಳು: ಮರದೆಲೆ, ಗಂಟೆ, ಓಕ್ ಕಾಯಿ, ಹೃದಯ; ಅದಕ್ಕೆ ಸಾಲ್ಜ್‌ಬರ್ಗ್ ಊರಿನ ಹೆಸರೇ ಉಳಿದಿದೆ.

ದೊಡ್ಡ ತಯಾರಕರು ಇಬ್ಬರು. ತ್ರೆವೀಜೊದ ದಾಲ್ ನೇಗ್ರೊ, 1756ರಿಂದ. ತ್ರಿಯೆಸ್ತೆಯ ಮೊದಿಯಾನೊ, 1868ರಿಂದ. ಇಬ್ಬರೂ ಹೆಚ್ಚುಕಡಿಮೆ ಎಲ್ಲ ಊರಿನ ಬಗೆಗಳನ್ನೂ ಅಚ್ಚು ಹಾಕುತ್ತಾರೆ. ಆದ್ದರಿಂದ ಕಂಪನಿ ಯಾವುದು ಎನ್ನುವುದಕ್ಕಿಂತ ಬಗೆ ಯಾವುದು ಎನ್ನುವುದೇ ಮುಖ್ಯ ಪ್ರಶ್ನೆ.

ನೇಪಲ್ಸ್‌ನ ಕಟ್ಟು

ಎಲೆ ಚಿಕ್ಕದು, ಸುಮಾರು 5 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಉದ್ದ. ನಮ್ಮ ರಮ್ಮಿ ಎಲೆಗೆ ಒಗ್ಗಿದ ಕೈಗೆ ಮೊದಲು ಮಕ್ಕಳ ಆಟಿಕೆ ಹಿಡಿದಂತೆ ಅನ್ನಿಸುತ್ತದೆ. ಒಂದು ವಾರ ಆಡಿದ ಮೇಲೆ ಉಳಿದದ್ದೆಲ್ಲ ದೊಡ್ಡದಾಯಿತು ಅನ್ನಿಸತೊಡಗುತ್ತದೆ.

ಇದರ ದೊಡ್ಡ ಗುಣ ಸ್ಪಷ್ಟತೆ. ನಾಣ್ಯ ದುಂಡಗೆ, ಬಟ್ಟಲು ಬಟ್ಟಲಿನ ಹಾಗೆ, ಕತ್ತಿ ನೆಟ್ಟಗೆ, ದೊಣ್ಣೆ ಮರದಿಂದ ಆಗತಾನೆ ಮುರಿದು ತಂದ ಹಾಗೆ. ಒಂದರ ಜೊತೆ ಒಂದು ಗೊಂದಲವಾಗುವುದೇ ಇಲ್ಲ. ಎಲೆಯ ಮೂಲೆಯಲ್ಲಿ ಅಂಕಿ ಇರುವುದಿಲ್ಲ ಎಂದು ಕೆಲವರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಏಳಕ್ಕಿಂತ ಹೆಚ್ಚು ಎಣಿಸುವ ಪ್ರಸಂಗವೇ ಬರುವುದಿಲ್ಲವಲ್ಲ. ನಾಲ್ಕು, ಐದು, ಆರರ ಜೋಡಣೆ ಕಣ್ಣಿಗೆ ಕೂರಲು ಒಂದು ಸಂಜೆ ಸಾಕು. ಪಗಡೆಯ ದಾಳ ನೋಡಿ ಯಾರೂ ಚುಕ್ಕಿ ಎಣಿಸುವುದಿಲ್ಲ, ಹಾಗೆಯೇ. ಚಿತ್ರದೆಲೆಗಳಲ್ಲೂ ಇದೇ ಅನುಕೂಲ. ಪೂರ್ತಿ ಆಳು ನಿಂತಿದ್ದರೆ ಕಾಲಾಳು, ಕುದುರೆ ಇದ್ದರೆ ಸವಾರ, ತಲೆಯ ಮೇಲೆ ಕಿರೀಟವಿದ್ದರೆ ರಾಜ. ಆರು ವರ್ಷದ ಮಗುವೂ ಹೇಳುತ್ತದೆ.

ಇದರಲ್ಲಿ ಎರಡು ಎಲೆ ನೋಡಲೇಬೇಕು. ನಾಣ್ಯದ ಎಕ್ಕದ ಮೇಲೆ ಎರಡು ತಲೆಯ ಹದ್ದು, ನಮ್ಮ ಗಂಡಭೇರುಂಡದ ದೂರದ ಸೋದರಸಂಬಂಧಿಯಂತೆ. ದೊಣ್ಣೆಯ ಮೂರರಲ್ಲಿ ಬಡಿಗೆಗಳು ಕೂಡುವ ಜಾಗದಲ್ಲಿ ಒಂದು ಮೀಸೆಯ ಮುಖ, ಹಲ್ಲು ಕಿರಿದು ನೋಡುತ್ತದೆ. ಅದಕ್ಕೆ ಗಾತ್ತೊ ಮಮ್ಮೋನೆ ಎಂದು ಹೆಸರು, ದೆವ್ವದ ಬೆಕ್ಕು. ಮಕ್ಕಳಿಗೆ ಈ ಎಲೆ ಕೈಗೆ ಬಂದರೆ ಮುಖದಲ್ಲೇ ಗೊತ್ತಾಗಿಬಿಡುತ್ತದೆ.

ದೋಷವೂ ಇದೆ. ಚಿತ್ರಕ್ಕೆ ಒಂದೇ ತಲೆ. ತಲೆಕೆಳಗಾಗಿ ಬಂದ ರಾಜನನ್ನು ನೀವು ಕೈಯಲ್ಲಿ ತಿರುಗಿಸಿಟ್ಟುಕೊಂಡರೆ ಎದುರಿನವನಿಗೆ ನಿಮ್ಮ ಹತ್ತಿರ ಚಿತ್ರದೆಲೆ ಇದೆಯೆಂದು ತಿಳಿದುಹೋಯಿತು. ಅಭ್ಯಾಸವಿದ್ದವರು ತಿರುಗಿಸುವುದಿಲ್ಲ, ರಾಜ ಶೀರ್ಷಾಸನದಲ್ಲೇ ಇರಲಿ ಎಂದು ಬಿಡುತ್ತಾರೆ. ಹೊಸಬರ ಬೆರಳಿಗೆ ಮಾತ್ರ ಈ ತುರಿಕೆ ಹೋಗುವುದಿಲ್ಲ.

ಸಿಸಿಲಿಯ ಕಟ್ಟು ಅಳತೆಯಲ್ಲೂ ಮನೆತನದಲ್ಲೂ ಇದರ ತಂಗಿ. ಬಣ್ಣ ಬೇರೆ, ಮುಖಭಾವ ಬೇರೆ, ಹದ್ದಿಗೆ ಒಂದೇ ತಲೆ. ಅಲ್ಲಿ ಕಾಲಾಳನ್ನು 'ದೊನ್ನಾ', ಅಂದರೆ ಹೆಂಗಸು, ಎಂದು ಕರೆಯುವ ರೂಢಿ ಇದೆ. ಸಿಸಿಲಿಯವರ ಜೊತೆ ಆಡುವುದಾದರೆ ಇದು ತಿಳಿದಿರಲಿ, ಇಲ್ಲದಿದ್ದರೆ ರಾಣಿ ಎಲ್ಲಿ ಎಂದು ಮತ್ತೆ ಹುಡುಕುತ್ತೀರಿ.

ಪಿಯಾಚೆಂಜಾದ ಕಟ್ಟು

ಇದೂ ಸ್ಪೇನಿನ ರೀತಿಯದ್ದೇ, ಆದರೆ ಬಂದ ದಾರಿ ಬೇರೆ. ಫ್ರೆಂಚ್ ಸೈನಿಕರ ಜೊತೆ ಬಂತು ಎನ್ನುತ್ತಾರೆ. ಇಂದು ಪಿಯಾಚೆಂಜಾ ಊರಿಗಷ್ಟೇ ಸೀಮಿತವಾಗಿಲ್ಲ. ರೋಮ್ ಸುತ್ತಲಿನ ಲಾತ್ಸಿಯೊ, ಉಂಬ್ರಿಯಾ, ಮಾರ್ಕೆ ಪ್ರಾಂತಗಳಲ್ಲೂ ಇದೇ ಓಡುತ್ತದೆ. ನೇಪಲ್ಸ್‌ನ ಕಟ್ಟಿಗಿಂತ ಎಲೆ ಉದ್ದ, ಹಿಡಿತ ಚೆನ್ನ.

ಮುಖ್ಯ ವ್ಯತ್ಯಾಸ ಎರಡು ತಲೆ. ಚಿತ್ರದೆಲೆಯನ್ನು ಹೇಗೆ ಹಿಡಿದರೂ ಒಂದು ತಲೆ ಮೇಲಿರುತ್ತದೆ. ತಿರುಗಿಸುವ ಚಪಲವಿಲ್ಲ, ಗುಟ್ಟು ರಟ್ಟಾಗುವುದಿಲ್ಲ. ಇದಕ್ಕೆ ಬೆಲೆ ತೆರಬೇಕಾದದ್ದು ಕುದುರೆಯಲ್ಲಿ: ಇಡೀ ಕುದುರೆ ಹಿಡಿಸುವಷ್ಟು ಜಾಗವಿಲ್ಲ, ಮುಂಭಾಗ ಮಾತ್ರ ಕಾಣುತ್ತದೆ. ಆದರೂ ಕುದುರೆ ಕುದುರೆಯೇ. ನಾಲ್ಕು ಜನ ಕೂತು ಗಂಟೆಗಟ್ಟಲೆ ಆಡುವ ಮನೆಗೆ ನಾನು ಇದನ್ನೇ ಹೇಳುತ್ತೇನೆ. ಚಂದ ಕಡಿಮೆ, ನಿಜ. ನೇಪಲ್ಸ್‌ನ ಬೆಕ್ಕಿನ ತುಂಟತನ ಇದರಲ್ಲಿಲ್ಲ.

ಬಾಗಿದ ಕತ್ತಿಯ ಕಟ್ಟುಗಳು

ಈಶಾನ್ಯದ ಕಟ್ಟುಗಳಲ್ಲಿ ಕತ್ತಿಗಳು ಬಿಲ್ಲಿನಂತೆ ಬಾಗಿ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ದೊಣ್ಣೆಗಳು ನೇರ ಕೋಲಾಗಿ ಅಡ್ಡಡ್ಡ ಹೆಣೆದಿರುತ್ತವೆ. ಮಾಮ್ಲೂಕ್ ಎಲೆಗಳಲ್ಲೂ ಇದೇ ವಿನ್ಯಾಸ. ಆ ಲೆಕ್ಕದಲ್ಲಿ ಮೂಲಕ್ಕೆ ಹತ್ತಿರದ ಕಟ್ಟು ಇವೇ. ಸಮಸ್ಯೆ ನನ್ನ ತಮ್ಮ ಹೇಳಿದ್ದೇ. ಎರಡೂ ಜಾಲರಿಯಂತೆ ಕಾಣುತ್ತವೆ. ಗುರುತು ಹಿಡಿಯಲು ಒಂದೇ ಉಪಾಯ: ಬಾಗಿದ್ದರೆ ಕತ್ತಿ, ನೆಟ್ಟಗಿದ್ದರೆ ದೊಣ್ಣೆ. ದಕ್ಷಿಣದ ಕಟ್ಟಿನಲ್ಲಿ ನೆಟ್ಟಗಿರುವುದೇ ಕತ್ತಿ ಎಂಬುದನ್ನು ಆ ಹೊತ್ತಿಗೆ ಮರೆಯಬೇಕು. ಎರಡೂ ಬಗೆಯನ್ನು ಒಟ್ಟಿಗೆ ಕಲಿಯಲು ಹೋಗಬೇಡಿ.

ಇಷ್ಟಾದರೂ ತ್ರೆವೀಜೊದ ಕಟ್ಟಿನ ಮೇಲೆ ನನಗೆ ಮೋಹ ಹೋಗಿಲ್ಲ, ಕಾರಣ ಆ ಎಕ್ಕಗಳು. ಕತ್ತಿಯ ಎಕ್ಕ ಹೇಳುತ್ತದೆ: ಎದೆಗಾರಿಕೆ ಇಲ್ಲದಿದ್ದರೆ ನನ್ನನ್ನು ನಂಬಬೇಡ. ನಾಣ್ಯದ ಎಕ್ಕ: ಅದೃಷ್ಟ ತಿರುಗಿಬಿದ್ದವನಿಗೆ ವಿದ್ಯೆ ಇದ್ದೂ ಉಪಯೋಗವಿಲ್ಲ. ದೊಣ್ಣೆಯದ್ದು ದೊಣ್ಣೆಯ ಮಾತೇ: ಸೋತರೆ ನಷ್ಟ ನಿನ್ನದು. ಬಟ್ಟಲಿನ ಎಕ್ಕದ ಮೇಲಿರುವುದು 'ಒಂದು ಚುಕ್ಕಿಗಾಗಿ ಮಾರ್ತಿನ್ ನಿಲುವಂಗಿ ಕಳೆದುಕೊಂಡ'. ಇದರ ಹಿಂದೆ ಒಂದು ಕಥೆ. ಮಠದ ಬಾಗಿಲ ಮೇಲೆ ಮಾರ್ತಿನ್ ಎಂಬ ಸನ್ಯಾಸಿ "ಬಾಗಿಲು ತೆರೆದಿರಲಿ. ಯಾವ ಸಜ್ಜನನಿಗೂ ಮುಚ್ಚದಿರಲಿ" ಎಂಬರ್ಥದ ಲ್ಯಾಟಿನ್ ಸಾಲು ಬರೆಯಬೇಕಿತ್ತು. ಚುಕ್ಕಿಯನ್ನು ಒಂದು ಪದ ಆಚೆಗೆ ಇಟ್ಟ. ಸಾಲು "ಬಾಗಿಲು ಯಾರಿಗೂ ತೆರೆಯದಿರಲಿ. ಸಜ್ಜನನಿಗೆ ಮುಚ್ಚಿರಲಿ" ಎಂದಾಯಿತು. ಮಠಾಧಿಪತಿಯ ನಿಲುವಂಗಿ ಕೈತಪ್ಪಿತು. ಇಟಾಲಿಯನ್‌ನಲ್ಲಿ ಪುಂತೊ ಎಂದರೆ ವಾಕ್ಯದ ಕೊನೆಯ ಚುಕ್ಕಿಯೂ ಹೌದು, ಆಟದ ಅಂಕವೂ ಹೌದು. ಒಂದೇ ಅಂಕದಿಂದ ಸೋತ ರಾತ್ರಿ ಈ ಎಲೆ ಕೈಗೆ ಬಂದರೆ ಹೊಟ್ಟೆ ಉರಿಯುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ತ್ರಿಯೆಸ್ತೆಯ ಕಟ್ಟಿನಲ್ಲಿ ಅಂಕಿಗಳಿವೆ, ಚಿತ್ರದೆಲೆಯ ಮೇಲೆ ಹೆಸರನ್ನೂ ಬರೆದಿರುತ್ತಾರೆ. ಇಟಾಲಿಯನ್ ಕಲಿಯುತ್ತಿರುವವರಿಗೆ ಪಾಠಪುಸ್ತಕದ ಹಾಗೆ ಅನುಕೂಲ. ಬೆರ್ಗಾಮೊದ್ದು ಎರಡು ತಲೆಯದ್ದು, ಗಟ್ಟಿ ಬಣ್ಣ. ಲೊಂಬಾರ್ದಿಯ ಗೆಳೆಯರಿದ್ದರೆ ಮಾತ್ರ ತೆಗೆದುಕೊಳ್ಳಿ. ಪಕ್ಕದ ಬ್ರೆಶಾದ್ದು ಬಹಳ ಕಿರಿದು, ಒಂದೇ ತಲೆಯದ್ದು, ಸಾಮಾನ್ಯವಾಗಿ 52 ಎಲೆಯ ಕಟ್ಟಾಗಿ ಸಿಗುತ್ತದೆ; ಎಂಟು, ಒಂಬತ್ತು, ಹತ್ತನ್ನು ತೆಗೆದಿಟ್ಟು ಆಡಬೇಕಾಗುತ್ತದೆ. ನಮ್ಮ ಕೈಗೂ ಕಣ್ಣಿಗೂ ಎಲ್ಲಕ್ಕಿಂತ ಕಷ್ಟದ್ದು ಇದೇ ಎನ್ನುವುದು ನನ್ನ ಅನುಭವ.

ಬೊಲೋನ್ಯದ ಕಟ್ಟಿನ ಬಗ್ಗೆ ಒಂದು ಎಚ್ಚರಿಕೆ. ಆ ಊರಿನ ಹೆಸರಲ್ಲಿ ಎರಡು ಕಟ್ಟು ಇವೆ. 'ಪ್ರಿಮಿಯೇರಾ' ಎಂದಿದ್ದರೆ 40 ಎಲೆ. 'ತಾರೊಕ್ಕೊ' ಎಂದಿದ್ದರೆ 62 ಎಲೆ, ಅದು ಬೇರೆಯೇ ಆಟ. ಟ್ಯಾರೋ ಎಂದ ಕೂಡಲೇ ಭವಿಷ್ಯ ಹೇಳುವ ಎಲೆ ಎಂದುಕೊಳ್ಳುತ್ತೇವಲ್ಲ, ಇಟಲಿಯಲ್ಲಿ ಅದು ಹುಟ್ಟಿದ್ದು ತುರುಫಿನ ಆಟವಾಗಿ. ಬೊಲೋನ್ಯದಲ್ಲಿ ಇಂದಿಗೂ ಆಟವೇ. ಅಲ್ಲಿನ ಎಲೆಗಳಿಗೆ ರಾಜಕೀಯವೂ ಅಂಟಿಕೊಂಡಿದೆ. 1725ರಲ್ಲಿ ಮೊಂತಿಯೇರಿ ಎಂಬ ಪಾದ್ರಿ ಭೂಗೋಳದ ವಿವರಗಳಿರುವ ತಾರೊಕ್ಕೊ ಕಟ್ಟು ಹೊರತಂದ. ಬೊಲೋನ್ಯ ಆಗ ಪೋಪರ ಆಳ್ವಿಕೆಯಲ್ಲಿತ್ತು. ಇವನು ಅಲ್ಲಿನ ಸರ್ಕಾರವನ್ನು 'ಮಿಶ್ರ ಸರ್ಕಾರ' ಎಂದು ಬರೆದಿದ್ದ. ಪೋಪರ ಪ್ರತಿನಿಧಿಗೆ ಸಿಟ್ಟು ನೆತ್ತಿಗೇರಿತು, ಪಾದ್ರಿಯನ್ನು ಹಿಡಿದು ಒಳಗೆ ಹಾಕಿಸಿದರು. ಊರಿನವರೆಲ್ಲ ಗುರುಗುಟ್ಟುವ ಲಕ್ಷಣ ಕಂಡಾಗ ಬಿಟ್ಟರು, ಆದರೆ ಪೋಪ್, ಚಕ್ರವರ್ತಿಗಳಿದ್ದ ನಾಲ್ಕು ಎಲೆಗಳನ್ನು ತೆಗೆಸಿ ಆ ಜಾಗದಲ್ಲಿ ನಾಲ್ವರು 'ಮೂರ್' ಜನರ, ಅಂದರೆ ಉತ್ತರ ಆಫ್ರಿಕಾದ ಮುಸ್ಲಿಮರ, ಚಿತ್ರ ಹಾಕಿಸಿದರು. ಆ ನಾಲ್ವರು ಇಂದೂ ಕಟ್ಟಿನಲ್ಲಿದ್ದಾರೆ.

ಇನ್ನು ಸಾರ್ದಿನಿಯಾ ದ್ವೀಪದ ಕಟ್ಟು. 1810ರಲ್ಲಿ ಮ್ಯಾಡ್ರಿಡ್‌ನ ತಯಾರಕನೊಬ್ಬನಿಗಾಗಿ ಕೆತ್ತಿದ ವಿನ್ಯಾಸ ಅದರ ಮೂಲ. ಚಿತ್ರದೆಲೆಗಳ ಹಿಂದೆ ಬೆಟ್ಟ, ಬಯಲಿನ ದೃಶ್ಯ ಕೂಡ ಇರುತ್ತದೆ. ಗೋಡೆಗೆ ಹಾಕುವಷ್ಟು ಚೆಂದ. ಆಡುವಾಗ ಆ ಹಿನ್ನೆಲೆಯೇ ಕಣ್ಣಿಗೆ ಅಡ್ಡ ಬರುತ್ತದೆ.

ನಮ್ಮ ಎಲೆಗಳಂತೆ ಕಾಣುವ ಕಟ್ಟುಗಳು

ಮಿಲಾನ್, ಜಿನೋವಾ, ಪೀಡ್ಮಾಂಟ್, ಟಸ್ಕನಿ, ಫ್ಲಾರೆನ್ಸ್ ಬಗೆಗಳನ್ನು ನೋಡಿ "ಇದು ಸುಲಭ, ಗೊತ್ತಿರುವ ಜಾತಿಗಳೇ" ಎಂದು ಕೊಳ್ಳುವವರಿದ್ದಾರೆ. ಮೋಸ ಹೋಗಬೇಡಿ. ಇವುಗಳ ಮೂಲೆಯಲ್ಲಿ ನಮಗೆ ರೂಢಿಯಾದ ಅಂಕಿ ಅಕ್ಷರಗಳಿರುವುದಿಲ್ಲ. ಗುಲಾಮ ಯಾವುದು, ರಾಣಿ ಯಾವುದು ಎಂದು ಮುಖ ನೋಡಿಯೇ ಹೇಳಬೇಕು. ಗುಲಾಮನಿಗೂ ಉದ್ದ ಕೂದಲು, ರಾಜನಿಗೂ ಉದ್ದ ಕೂದಲು. ಕುದುರೆಯಷ್ಟು ಢಾಳಾದ ಗುರುತು ಇಲ್ಲಿಲ್ಲ. ಫ್ಲಾರೆನ್ಸ್‌ನ ಕಟ್ಟು ದೊಡ್ಡ ಅಳತೆಯದ್ದು, ಪೂರ್ತಿ ಆಳಿನ ಚಿತ್ರ, ನೋಡಲು ಗಂಭೀರ. ಅದೊಂದನ್ನು ಬಿಟ್ಟರೆ ಈ ಗುಂಪಿಗೆ ದುಡ್ಡು ಹಾಕುವ ಅಗತ್ಯ ನನಗೆ ಕಂಡಿಲ್ಲ. ಏಕೆಂದರೆ ಇದೇ ಕೆಲಸವನ್ನು ಮನೆಯಲ್ಲಿರುವ ಕಟ್ಟೇ ಮಾಡುತ್ತದೆ.

ಹೇಗೆಂದರೆ, ಮನೆಯ 52 ಎಲೆಯಿಂದ ಎಂಟು, ಒಂಬತ್ತು, ಹತ್ತನ್ನೂ ಜೋಕರನ್ನೂ ತೆಗೆಯಿರಿ. ಉಳಿದದ್ದು 40. ಡೈಮಂಡು ನಾಣ್ಯವಾಗಲಿ, ಆಟೀನು ಬಟ್ಟಲಾಗಲಿ, ಕಳಾವರ ದೊಣ್ಣೆ, ಇಸ್ಪೀಟು ಕತ್ತಿ. ಗುಲಾಮ 8, ರಾಣಿ 9, ರಾಜ 10 ಎಂದು ಲೆಕ್ಕ ಹಾಕಿ. ಕೆಲವು ಕಡೆ ರಾಣಿಗೆ 8, ಗುಲಾಮನಿಗೆ 9. ಆಟ ಶುರುವಾಗುವ ಮುಂಚೆ ಮಾತಾಡಿಕೊಂಡರೆ ಆಯಿತು. ಕಟ್ಟು ಕೊಳ್ಳುವ ಮೊದಲು ಎರಡು ವಾರ ಹೀಗೆ ಆಡಿ ನೋಡಿ. ಆಟ ಹಿಡಿಸದಿದ್ದರೆ ಒಂದು ಪೈಸೆಯೂ ಹೋಗಲಿಲ್ಲ.

ಯಾವ ಆಟಕ್ಕೆ ಯಾವುದು

ಸ್ಕೋಪಾ ಎಂದರೆ ಪೊರಕೆ. ನೆಲದ ಮೇಲೆ ಬಿಚ್ಚಿಟ್ಟ ಎಲೆಗಳನ್ನು ಕೈಯ ಎಲೆಯಿಂದ ಬಾಚಿಕೊಳ್ಳುವ ಆಟ: ಏಳು ಹಾಕಿ ನೆಲದ ಏಳನ್ನೋ, ಮೂರು ಮತ್ತು ನಾಲ್ಕನ್ನು ಕೂಡಿಯೋ ಎತ್ತಬಹುದು. ನೆಲ ಪೂರ್ತಿ ಬಳಿದರೆ ಒಂದು ಅಂಕ. ಹೆಚ್ಚು ಎಲೆ, ಹೆಚ್ಚು ನಾಣ್ಯ, ನಾಣ್ಯದ ಏಳು, ಪ್ರಿಮಿಯೇರಾ, ಇವಕ್ಕೆ ಒಂದೊಂದು ಅಂಕ. ಪ್ರಿಮಿಯೇರಾ ಎಂದರೆ ನೀವು ಗೆದ್ದ ಎಲೆಗಳಲ್ಲಿ ಜಾತಿಗೊಂದರಂತೆ ಆರಿಸಿದ ನಾಲ್ಕು ಉತ್ತಮ ಎಲೆಗಳ ಮೊತ್ತ, ಹೆಚ್ಚಿದ್ದವರಿಗೆ ಅಂಕ; ಅದರಲ್ಲಿ ಏಳಕ್ಕೆ 21, ಆರಕ್ಕೆ 18, ಎಕ್ಕಕ್ಕೆ 16, ಐದಕ್ಕೆ 15 ಹೀಗೆ ಇಳಿದು ಚಿತ್ರದೆಲೆಗೆ ಬರೀ 10. ನಾಣ್ಯದ ಏಳಿಗೆ ಸೆತ್ತೆಬೆಲ್ಲೊ, 'ಚೆಲುವ ಏಳು' ಎಂದು ಹೆಸರು. ಇಟಲಿಯ ಪುರುಷರ ವಾಟರ್ ಪೋಲೋ ತಂಡಕ್ಕೂ ಅದೇ ಅಡ್ಡಹೆಸರು. ಸದಾ ಕೂಡಿಸುತ್ತಿರಬೇಕಾದ ಈ ಆಟಕ್ಕೆ ನೇಪಲ್ಸ್ ಕಟ್ಟಿನ ಬಿಡಿಬಿಡಿಯಾದ ಗುರುತುಗಳು ಹೇಳಿ ಮಾಡಿಸಿದಂತಿವೆ. ಜಾಲರಿ ಕಟ್ಟಿನಲ್ಲಿ ಐದು ಕತ್ತಿಯೋ ಆರು ಕತ್ತಿಯೋ ಎಂದು ತಡವರಿಸುತ್ತ ಕೂತರೆ ಆಟದ ಓಟವೇ ಹೋಗುತ್ತದೆ.

ನಾಲ್ವರು ಆಡುವ ಸ್ಕೋಪೋನೆ ಇದರ ಅಣ್ಣ. 1982ರಲ್ಲಿ ವಿಶ್ವಕಪ್ ಫುಟ್‌ಬಾಲ್ ಗೆದ್ದು ಮ್ಯಾಡ್ರಿಡ್‌ನಿಂದ ಮರಳುವ ವಿಮಾನದಲ್ಲಿ ರಾಷ್ಟ್ರಪತಿ ಪೆರ್ತೀನಿ, ಗೋಲ್ ಕೀಪರ್ ದೀನೊ ಜೋಫ್, ಆಟಗಾರ ಕಾವುಸಿಯೊ, ಕೋಚ್ ಬೆಯರ್ಜೋತ್ ಇದನ್ನೇ ಆಡುತ್ತಿರುವ ಫೋಟೋ ಇಟಲಿಯಲ್ಲಿ ಎಲ್ಲರಿಗೂ ಗೊತ್ತು. ವಿಶ್ವಕಪ್ ಅದೇ ಮೇಜಿನ ಮೇಲಿದೆ, ನಾಲ್ವರ ಕಣ್ಣೂ ಎಲೆಯ ಮೇಲಿದೆ.

ಬ್ರಿಸ್ಕೋಲಾ ತುರುಫಿನ ಆಟ. ಎಕ್ಕಕ್ಕೆ 11, ಮೂರಕ್ಕೆ 10, ರಾಜನಿಗೆ 4, ಸವಾರನಿಗೆ 3, ಕಾಲಾಳಿಗೆ 2. ಒಟ್ಟು 120, ಗೆಲ್ಲಲು 61. ರಾಜನಿಗಿಂತ ಮೂರು ದೊಡ್ಡದು ಎಂದರೆ ರಮ್ಮಿಯವರು ಹುಬ್ಬೇರಿಸುತ್ತಾರೆ. ಗುಲಾಮನೂ ಒಂಬತ್ತೂ ಎಕ್ಕವನ್ನು ಹೊಡೆಯುವ 'ಇಪ್ಪತ್ತೆಂಟು' ಎಂಬ ಆಟ ಆಡಿದ ಕರಾವಳಿಯವರಿಗೆ ಇದು ಒಂದು ವಿಷಯವೇ ಅಲ್ಲ. ಬೆಲೆಯಿಲ್ಲದ ಮನುಷ್ಯನನ್ನು ಇಟಲಿಯವರು 'ಬ್ರಿಸ್ಕೋಲಾದ ಎರಡು' ಎನ್ನುತ್ತಾರೆ, ನಮ್ಮ ಆಟಕ್ಕುಂಟು ಲೆಕ್ಕಕ್ಕಿಲ್ಲ. ಕೈಯಲ್ಲಿ ಇರುವುದು ಮೂರೇ ಎಲೆಯಾದ್ದರಿಂದ ಯಾವ ಕಟ್ಟಾದರೂ ನಡೆಯುತ್ತದೆ. ಚೆಂದದ ಆದರೆ ಕಷ್ಟದ ಕಟ್ಟು ಕೊಂಡುಬಿಟ್ಟಿದ್ದರೆ ಅದನ್ನು ಪಳಗಿಸಿಕೊಳ್ಳಲು ಇದೇ ಸರಿಯಾದ ಆಟ. ಜೋಡಿಯಾಗಿ ಆಡುವಾಗ ಜೊತೆಗಾರನಿಗೆ ಮುಖದಲ್ಲೇ ಸನ್ನೆ ಮಾಡುವುದು ಹಲವು ಕಡೆ ಆಟದ ಭಾಗವೇ. ತುರುಫಿನ ಮೂರಿದ್ದರೆ ಬಾಯಿ ಸೊಟ್ಟ ಮಾಡುವುದು, ರಾಜನಿದ್ದರೆ ಕಣ್ಣು ಮೇಲೆತ್ತುವುದು, ಸವಾರನಿದ್ದರೆ ಭುಜ ಕುಣಿಸುವುದು. ಎದುರಾಳಿ ನೋಡದ ಹಾಗೆ ಮಾಡಬೇಕು, ಅಷ್ಟೇ.

ತ್ರೆಸೆತ್ತೆ ಎಂಬ ಇನ್ನೊಂದು ಆಟಕ್ಕೆ ಮಾತ್ರ ಕಟ್ಟು ಯೋಚಿಸಿ ಆರಿಸಿ. ನಾಲ್ವರಲ್ಲಿ ಒಬ್ಬೊಬ್ಬರ ಕೈಯಲ್ಲಿ ಹತ್ತು ಎಲೆ. ಮೂಲೆಯಲ್ಲಿ ಗುರುತಿಲ್ಲದ ಎಲೆಗಳಾದ್ದರಿಂದ ಬೀಸಣಿಗೆಯನ್ನು ಅಗಲವಾಗಿ ಬಿಚ್ಚಿ ಹಿಡಿಯಬೇಕು, ಇಲ್ಲದಿದ್ದರೆ ಯಾವ ಎಲೆಯೆಂದು ತಿಳಿಯುವುದಿಲ್ಲ. ಇಲ್ಲಿ ನೇಪಲ್ಸ್‌ನ ಚಿಕ್ಕ ಎಲೆ ಕೈಗೆ ಸಲೀಸು. ಹತ್ತರಲ್ಲಿ ಎರಡು ಚಿತ್ರ ತಲೆಕೆಳಗಾಗಿದ್ದರೆ ಪಿಯಾಚೆಂಜಾದ್ದು ಸಲೀಸು. ನಾನು ಎರಡನೆಯದರ ಪಕ್ಷ.

ಸ್ಕಾಲಾ 40, ಬುರಾಕೊ ಎಂಬ ಹೆಸರು ಕೇಳಿ ಇವನ್ನೆಲ್ಲ ಕೊಳ್ಳಲು ಹೊರಟಿದ್ದರೆ ನಿಲ್ಲಿ. ಅವು ರಮ್ಮಿಯ ಬಳಗದ ಆಟ, ಜೋಕರ್ ಸಮೇತ 108 ಎಲೆ ಬೇಕು, ನಮ್ಮ ಸಾಮಾನ್ಯ ಕಟ್ಟು ಎರಡಿದ್ದರೆ ಸಾಕು. ಹೆಸರಿನಲ್ಲಿ 40 ಇದೆಯೆಂದು 40 ಎಲೆಯ ಕಟ್ಟು ತರಿಸಿಕೊಂಡವರನ್ನು ನೋಡಿದ್ದೇನೆ.

ಕೊಳ್ಳುವಾಗ

ಒಂದೇ ಬಗೆ ಕಾಗದದಲ್ಲೂ ಸಿಗುತ್ತದೆ, ಪೂರ್ತಿ ಪ್ಲಾಸ್ಟಿಕ್‌ನಲ್ಲೂ ಸಿಗುತ್ತದೆ. ಮಂಗಳೂರು, ಕಾರವಾರದ ಸೆಕೆಗೆ ಕಾಗದದ ಎಲೆ ಒಂದು ಮಳೆಗಾಲದಲ್ಲಿ ಅಂಟಂಟಾಗಿ ಹಪ್ಪಳದಂತೆ ಬಾಗುತ್ತದೆ, ಅಲ್ಲಿಯವರು ಪ್ಲಾಸ್ಟಿಕ್ ತೆಗೆದುಕೊಳ್ಳಿ. ಬಯಲುಸೀಮೆಯವರಿಗೆ ಕಾಗದವೇ ಇರಲಿ. ಕಲೆಸುವಾಗ ಬರುವ ಸದ್ದು ಪ್ಲಾಸ್ಟಿಕ್‌ಗೆ ಬರುವುದಿಲ್ಲ. ಎಲೆ ಹಂಚುವುದೂ ಆಡುವುದೂ ಇಟಲಿಯಲ್ಲಿ ಬಲಗಡೆಯವರಿಂದ, ಗಡಿಯಾರಕ್ಕೆ ಎದುರಾಗಿ.

ಹಳೆಯ ಕಟ್ಟು ಹುಡುಕುವ ಹುಚ್ಚಿದ್ದರೆ ಎಕ್ಕಗಳನ್ನು ನೋಡಿ, ಮೊದಲು ನಾಣ್ಯದ ಎಕ್ಕ. ಇಟಲಿಯಲ್ಲಿ ಇಸ್ಪೀಟು ಕಟ್ಟಿಗೆ ತೆರಿಗೆ ಇತ್ತು, ಕಟ್ಟಿದ್ದಕ್ಕೆ ಗುರುತಾಗಿ ಎಕ್ಕದ ಮೇಲೆ ಸರ್ಕಾರಿ ಮೊಹರು ಒತ್ತುತ್ತಿದ್ದರು. ತೆರಿಗೆ ರದ್ದಾದದ್ದು 1972ರಲ್ಲಿ. ಮೊಹರು ಇದ್ದರೆ ಕಟ್ಟು ಅದಕ್ಕಿಂತ ಹಳೆಯದು. "ಅಜ್ಜನ ಕಾಲದ್ದು" ಎಂದು ಹೇಳಿ ಮೊಹರಿಲ್ಲದ ಇಟಾಲಿಯನ್ ಕಟ್ಟಿಗೆ ಯಾರಾದರೂ ದುಪ್ಪಟ್ಟು ಕೇಳಿದರೆ ಆ ಎಕ್ಕ ತೋರಿಸಿ ಎನ್ನಿ.

ನಮ್ಮ ಮನೆಯಲ್ಲಿ ಈಗ ಮೇಜಿನ ಮೇಲಿರುವುದು ಪಿಯಾಚೆಂಜಾದ್ದು, ಅಂಚುಗಳು ಸವೆದಿವೆ. ತ್ರೆವೀಜೊದ್ದು ಕಪಾಟಿನಲ್ಲಿದೆ. ತಮ್ಮ ಬಂದಾಗಲೆಲ್ಲ ಕೇಳುವುದು ಅದನ್ನೇ, ಆಡುವುದಕ್ಕಲ್ಲ, ಆ ಮಾರ್ತಿನ್ ಎಲೆಯನ್ನು ತನ್ನ ಮಗಳಿಗೆ ತೋರಿಸುವುದಕ್ಕೆ.